ಸೊಸೆಯ ಮೊಳ

ಹೂವಿನಹಡಗಲಿಯ ಬಸ್ ನಿಲ್ದಾಣದ ಎದುರು ಕೊಟ್ರಬಸಮ್ಮನ ಮಲ್ಲಿಗೆ ಬುಟ್ಟಿ ಇಳಿಯಿತೆಂದರೆ ಬೆಳಗಾಯಿತೆಂದೇ ಲೆಕ್ಕ. ಗಂಡ ಬೆನಕಪ್ಪ ತೋಟದಿಂದ ಬಿಡಿಸಿ ತಂದ ಮೊಗ್ಗನ್ನು ಸೊಸೆ ಶೈಲಾ ಒತ್ತೊತ್ತಾಗಿ ಕಟ್ಟುವಳು. ಮೊಳಕೈಯಿಂದ ಬೆರಳ ತುದಿಯವರೆಗೆ ಮಾಲೆ ಹಿಡಿದು ಮೊಳ ಅಳೆಯುವವಳೂ ಅವಳೇ. ಕೊಟ್ರಬಸಮ್ಮನದು ಬರೀ ಬಾಯಿ. ಆ ಬಾಯಿಗೆ ಸಿಕ್ಕವರು ಹೂ ಕೊಳ್ಳದೆ ಬಸ್ಸು ಹತ್ತುವುದು ಕಷ್ಟ.

ಮೂರು ತಿಂಗಳ ಹಿಂದೆ ಶೈಲಾಳ ಮೊಳಕೈ ಮೇಲೆ ಕೆಂಪು ಮಚ್ಚೆಗಳೆದ್ದು ಬಿಳಿ ಹೊಟ್ಟು ಉದುರತೊಡಗಿತು. ಮೊಳ ಅಳೆಯುವಾಗ ಮೊದಲು ಕಾಣುವುದೇ ಮೊಳಕೈ. ಒಬ್ಬಾಕೆ ಚಾಚಿದ ಕೈ ಹಿಂದಕ್ಕೆಳೆದುಕೊಂಡು, "ಅಯ್ಯ, ಬ್ಯಾಡ ಬಿಡವ್ವ" ಎಂದು ಹೊರಟೇಬಿಟ್ಟಳು.

ಸೊಸೆಯೆಂದರೆ ಕೊಟ್ರಬಸಮ್ಮನಿಗೆ ಪ್ರಾಣ. ಆದರೆ ಆ ಪ್ರೀತಿಗೆ ತಾಳ್ಮೆಯೂ ಇರಲಿಲ್ಲ, ತಿಳಿವಳಿಕೆಯೂ ಇರಲಿಲ್ಲ. ಹಿಮ್ಮಡಿ ಉಜ್ಜುವ ಕಲ್ಲು ಹಿಡಿದು ದಿನವೂ ಸೊಸೆಯ ಮೊಳಕೈ ತಿಕ್ಕಿದಳು. ರಕ್ತ ಜಿನುಗಿ ಮಚ್ಚೆ ಇನ್ನಷ್ಟು ಹರಡಿತು. ಕಡೆಗೆ, "ಮಂದಿ ಬಾಯಿಗೆ ಯಾಕ ಬೀಳ್ತಿ? ನೀ ಮನ್ಯಾಗ ಕುಂತು ಕಟ್ಟವ್ವ, ನಾ ಅಳೀತೀನಿ" ಎಂದಳು. ಸೊಸೆಯನ್ನು ಕಾಪಾಡಿದೆ ಎಂದೇ ಅವಳ ನಂಬಿಕೆ.

ಶೈಲಾ ಎದುರಾಡಲಿಲ್ಲ. ಉದ್ದ ತೋಳಿನ ಕುಪ್ಪಸ ಹೊಲಿಸಿಕೊಂಡಳು. ತನ್ನ ತಟ್ಟೆ, ಲೋಟ ತಾನೇ ಬೇರೆ ಇಟ್ಟುಕೊಂಡಳು. ಮಚ್ಚೆಗಳು ಮೊಳಕಾಲಿಗೂ ಇಳಿದವು. ಆಗ ಕೊಟ್ರಬಸಮ್ಮ ತಡೆಯಲಾರದೆ ಅವಳನ್ನು ಚರ್ಮದ ಡಾಕ್ಟರ್ ಕೀರ್ತನಾ ಬಳಿಗೆ ಕರೆದೊಯ್ದಳು.

ಡಾಕ್ಟರ್ ಆ ಮೊಳಕೈಯನ್ನು ಬರಿಗೈಯಲ್ಲೇ ಹಿಡಿದು ನೋಡಿದರು. "ಇದು ಸೋರಿಯಾಸಿಸ್ ಅಮ್ಮಾರ. ಮುಟ್ಟಿದ್ರ ಹತ್ತೋದಲ್ಲ. ಮುಲಾಮು ಕೊಡ್ತೀನಿ. ಆ ಕಲ್ಲು ಮಾತ್ರ ಒಗದುಬಿಡ್ರಿ."

"ಮತ್ತ ಮನ್ಯಾಗ ಆರಾಮ ಕುಂದ್ರಿಸಿದ ಮ್ಯಾಲೂ ಜಾಸ್ತಿ ಆಗೈತಲ್ರಿ?"

"ನರದ ತುದಿ ಚರ್ಮದಾಗ ಇರ್ತಾವ್ರಿ. ಅವು ಚರ್ಮದ ಜೀವಕೋಶಗಳಿಗೆ ರಾಸಾಯನಿಕದಾಗ ಸುದ್ದಿ ಕಳಸ್ತಾವ. ಆ ಸುದ್ದಿ ತಗೊಳ್ಳಾಕ ಕೋಶದ ಮ್ಯಾಲೆ ಗ್ರಾಹಕ ಅಂತ ಸಣ್ಣ ಬಾಗಿಲ ಅದಾವ. ನಿಮ್ಮ ಚರ್ಮದಾಗೂ ಅದಾವ, ನನ್ನ ಚರ್ಮದಾಗೂ ಅದಾವ. ಈ ರೋಗದಾಗ ಆ ಸುದ್ದಿ, ಬಾಗಿಲ ಎರಡೂ ಏರುಪೇರು ಆಗಿರಬಹುದು. ಮನಸ್ಸಿಗೆ ಸಂಕಟ ಆದ್ರ ನರ ಇನ್ನೂ ಜಾಸ್ತಿ ಸುದ್ದಿ ಕಳಸಬಹುದು, ಅದಕ್ಕ ಎಷ್ಟೋ ಮಂದಿಗೆ ಉರಿ, ಕೆರೆತ ಹೆಚ್ಚಾಗ್ತೈತಿ."

ಕೊಟ್ರಬಸಮ್ಮ ಸೊಸೆಯ ಕಡೆ ತಿರುಗಿದಳು. "ನಿನಗೇನು ಸಂಕಟವ್ವ? ನಾ ಏನ್ ಕಡಿಮಿ ಮಾಡೀನಿ?"

ಶೈಲಾ ಕುಪ್ಪಸದ ತೋಳನ್ನು ಮೊಳಕೈ ಮುಚ್ಚುವಂತೆ ಎಳೆದುಕೊಂಡಳು. "ಮಂದಿ ಹೇಸಿದ್ದು ತಡಕೊಂಡಿದ್ದೆ ಅತ್ತಿ. ನೀವೂ ಒಳಗ ಕುಂದ್ರು ಅಂದ್ರಿ."

ಕೊಟ್ರಬಸಮ್ಮ ಡಾಕ್ಟರನ್ನು ಕೇಳಿದಳು: "ನನ್ನ ಮಾತು ಈಕಿ ಚರ್ಮಕ್ಕ ಮುಟ್ಟೈತೇನ್ರಿ?"

"ಮಾತಿನಿಂದ ರೋಗ ಬಂದಿಲ್ರಿ. ಇದ್ದ ಬ್ಯಾನಿ ಹೆಚ್ಚಾಗಿರಬಹುದು."

ಮಾರನೆಯ ದಿನ ಅತ್ತೆ ಸೊಸೆ ಇಬ್ಬರೂ ಬುಟ್ಟಿಯ ಹಿಂದೆ ಕುಳಿತರು. ಅತ್ತೆಯ ಹಟಕ್ಕೆ ಶೈಲಾ ಗಿಡ್ಡ ತೋಳಿನ ಕುಪ್ಪಸವನ್ನೇ ತೊಟ್ಟಿದ್ದಳು. ಮೊದಲು ಬಂದವಳು ದಿನದ ಗಿರಾಕಿ ಗೀತಾಂಜಲಿ. ಶೈಲಾಳ ಕೈ ಕಂಡು, "ನೀವ ಅಳದು ಕೊಡ್ರಿ ಅಮ್ಮಾ" ಎಂದಳು.

"ಅಳಿಯಾಕಿ ನನ್ನ ಸೊಸಿ. ಅದು ಹತ್ತೋ ರೋಗ ಅಲ್ಲವ್ವ, ಡಾಕ್ಟರೇ ಹೇಳ್ಯಾರ."

ಗೀತಾಂಜಲಿ ಹಿಂದುಮುಂದು ನೋಡಿದಳು. "ಇವತ್ತ ಬ್ಯಾಡ ಬಿಡ್ರಿ" ಎನ್ನುತ್ತ ಎರಡು ಹೆಜ್ಜೆ ಸರಿದು ನಿಂತಳು. ಶೈಲಾ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಬೋಣಿಯಾಗುವ ಮುಂಚೆ, ಮೊದಲ ಮಾಲೆ ಮಾರಾಟವಾಗುವ ಮುಂಚೆ, ಮಾರುವವಳು ಬುಟ್ಟಿಯ ಹೂ ಮುಡಿಯಬಾರದು. ಕೊಟ್ರಬಸಮ್ಮ ಮೂವತ್ತು ವರ್ಷ ಇದನ್ನು ತಪ್ಪಿದವಳಲ್ಲ.

"ಶೈಲಾ, ಒಂದು ಮೊಳ ಅಳಿ."

"ಯಾರಿಗ್ರೀ ಅತ್ತಿ?"

ಕೊಟ್ರಬಸಮ್ಮ ತಲೆಯ ಮೇಲಿನ ಸೆರಗು ಸರಿಸಿ, ನಿಲ್ದಾಣದ ಅಷ್ಟೂ ಜನರ ಎದುರು ಸೊಸೆಗೆ ಬೆನ್ನು ಮಾಡಿ ಕುಳಿತಳು.

"ಇವತ್ತಿನ ಬೋಣಿ ನಂದ. ಮುಡಸು."

ಶೈಲಾ ಮೊಳಕೈಗೆ ಮಾಲೆ ಹಚ್ಚಿ ಅಳೆದಳು. ಅತ್ತೆಯ ನರೆತ ತುರುಬಿಗೆ ಅದನ್ನು ಮೆಲ್ಲಗೆ ಸುತ್ತಿದಳು.

"ಬಿಗಿಯಾಗಿ ಸಿಗಸವ್ವ" ಎಂದಳು ಕೊಟ್ರಬಸಮ್ಮ, ಗೀತಾಂಜಲಿಗೂ ಕೇಳುವಂತೆ. "ಸಂಜಿತನಕ ಬೀಳಬಾರದು."