ಮಾವಿನ ಚೀಲ

ಶಿವಾಜಿನಗರದ ಪ್ರದರ್ಶನದಲ್ಲಿ ಮಾಧುರಿಯ ಚೀಲಗಳನ್ನು ಎತ್ತಿಕೊಂಡವರೆಲ್ಲ ಮೊದಲು ಮೂಸಿ ನೋಡುತ್ತಿದ್ದರು. ಜ್ಯೂಸ್ ಕಾರ್ಖಾನೆಯವರು ಬಿಸಾಡಿದ ಮಾವಿನ ತಿರುಳನ್ನು ಹಾಳೆಯಾಗಿ ಒಣಗಿಸಿ ಮಾಡಿದ್ದೆಂದರೆ ಯಾರೂ ನಂಬುತ್ತಿರಲಿಲ್ಲ, ಥೇಟ್ ಚರ್ಮವೇ. ವಿನ್ಯಾಸ ಅವಳದು, ಒಂದೊಂದು ಹೊಲಿಗೆಯೂ ಅಪ್ಪನದು. ಅಥಣಿಯಿಂದ ಈ ಮರಾಠಿ ಊರಿಗೆ ಬಂದು ಧನಕವಡಿಯ ರಸ್ತೆ ಮೂಲೆಯಲ್ಲಿ ಕೂತು ಜನ್ಮವಿಡೀ ಚರ್ಮದ ಚಪ್ಪಲಿ ಹೊಲಿದ ದುರ್ಗಪ್ಪ, ಇವತ್ತು ಇಸ್ತ್ರಿ ಅಂಗಿ ತೊಟ್ಟು ಮಗಳ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. “ಕಡೀಕ ಮಾವಿನಹಣ್ಣೂ ಹೊಲಿದೆ ನೋಡವಾ,” ಎಂದು ಬೆಳಿಗ್ಗೆ ನಕ್ಕಿದ್ದ.

ಮಧ್ಯಾಹ್ನವಾದರೂ ಒಂದೂ ಮಾರಾಟವಾಗಲಿಲ್ಲ. ಕೊನೆಗೆ ಬಂದ ಹಿರಿಯ ಹೆಂಗಸೊಬ್ಬರು ಚೀಲವನ್ನು ಹೆಗಲಿಗೆ ಹಾಕಿಕೊಂಡು, ದೇವರ ಕೋಣೆಗೆ ಒಯ್ಯಬಹುದೇ ಎಂದು ಮರಾಠಿಯಲ್ಲಿ ಕೇಳಿದರು.

“ಧಾರಾಳವಾಗಿ,” ಎಂದಳು ಮಾಧುರಿ, ಅದೇ ಮರಾಠಿಯಲ್ಲಿ. ಮಾರುವ ಭರದಲ್ಲಿ ಹಾಳಾದ ನಾಲಿಗೆ ಅಲ್ಲಿಗೇ ನಿಲ್ಲಲಿಲ್ಲ. “ಚರ್ಮ ಮುಟ್ಟಿದ ಕೈ ಕೂಡ ಇದನ್ನು ಮುಟ್ಟಿಲ್ಲ.”

ಹೆಂಗಸಿನ ಮುಖ ಅರಳಿತು. ಚೀಲ ಬೇಕು, ಆದರೆ ಪಟ್ಟಿ ಉದ್ದವಾಯಿತು, ಈಗಲೇ ಗಿಡ್ಡ ಮಾಡಿಕೊಡುತ್ತೀರಾ ಎಂದರು. ಮಾಧುರಿ ರೂಢಿಯಂತೆ ಚೀಲವನ್ನು ಅಪ್ಪನತ್ತ ಚಾಚಿದಳು.

ದುರ್ಗಪ್ಪನಿಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು. ಅವನು ಜೇಬಿನಿಂದ ಸೂಜಿ ದಾರ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ.

“ನೀನ ಹೊಲಿದ ಕೊಡವಾ,” ಎಂದ ಕನ್ನಡದಲ್ಲಿ, ಮೆತ್ತಗೆ. “ನಾ ಮುಟ್ಟಿದ್ರ ನಿನ್ನ ಮಾತು ಸುಳ್ಳಾಗ್ತದ.”