ವಸಂತಿ ಕ್ರಾಸ್

ಚಟ್ಟಕ್ಕೆ ಹಗ್ಗ ಬಿಗಿಯುತ್ತಲೇ ಪಂಚಾಯತಿ ಮೆಂಬರ್ ರಾಜೀವ ಮಾತು ತೆಗೆದ. "ತಿಮ್ಮಕ್ಕ, ಹೈವೇ ಬದಿಯ ಹೊಸ ತಂಗುದಾಣಕ್ಕೆ ಗಣಪಣ್ಣನ ಹೆಸರೇ ಇಡ್ವ. ಬೆಳಿಗ್ಗೆಯಿಂದ ಎಲ್ಲರ ಹತ್ರ ಹೇಳಿದ್ದೆ. ನೀವು ಹೂಂ ಅಂದ್ರೆ ಆತು."

"ಯಾವ ತಂಗುದಾಣ?" ಗೊತ್ತಿದ್ದೂ ಕೇಳಿದಳು ತಿಮ್ಮಿ.

"ಅದೇ, ವಸಂತಿ ಕ್ರಾಸಿಂದು."

ತಿಮ್ಮಿ ಗಂಡ ಗಣಪನ ಮುಖ ನೋಡಿದಳು. ಏನೂ ಗೊತ್ತಿಲ್ಲದವನ ಹಾಗೆ ಮಲಗಿದ್ದ. ಬದುಕಿದ್ದಾಗಲೂ ಈ ಮಾತು ಬಂದರೆ ಇದೇ ಮುಖ.

"ಇಡಿ. ಆ ಹೆಸರು ಮೊದ್ಲು ಅಳಿಸಿ."

*

ಗಣಪ ಕುಮಟಾ–ಭಟ್ಕಳ ಬಸ್ಸಿನ ಕಂಡಕ್ಟರು. ಈ ದಾರಿಯಲ್ಲಿ ಸ್ಟಾಪಿಗೆ ಹೆಸರಿಡುವುದು ಸರಕಾರವಲ್ಲ, ಕಂಡಕ್ಟರನ ಗಂಟಲು. ಅವನು ಕೂಗಿದ್ದೇ ಜನರ ಬಾಯಲ್ಲಿ ಉಳಿಯುತ್ತದೆ. ಮಂಕಿ ದಾಟಿದ ಮೇಲೆ, ಒಂದು ಮನೆಯೂ ಕಾಣದ ತಿರುವಿನಲ್ಲಿ ಅವನು "ವಸಂತಿ ಕ್ರಾಸ್" ಎಂದು ಕೂಗಿದ್ದನ್ನು ತಿಮ್ಮಿ ಮೊದಲು ಕೇಳಿದ್ದು ಮದುವೆಯಾದ ಹೊಸತರಲ್ಲಿ.

"ಯಾರು ಅದು?"

"ಕಾಲೇಜಿಗೆ ಹೋಗೂ ಹುಡುಗಿ."

"ಎಷ್ಟೋ ಹುಡುಗೀರು ಹೋಗ್ತಾರೆ. ಇವಳಿಗೆ ಮಾತ್ರ ಯಾಕೆ ಸ್ಟಾಪು?"

ಗಣಪ ನಕ್ಕು ಟಿಕೆಟು ಹರಿದ. ಆ ನಗುವೇ ಅವಳ ಹೊಟ್ಟೆಗೆ ಕಿಚ್ಚಿಟ್ಟಿತು. ಸ್ವಂತ ಮನೆಯೆದುರಿನ ಸ್ಟಾಪನ್ನು ಅವನು "ಶಾಲೆ" ಎಂದೇ ಕೂಗುತ್ತಿದ್ದ. ಒಗೆಯುವ ಮುಂಚೆ ಅವನ ಅಂಗಿ ಮೂಸಿ ನೋಡುವುದು ತಿಮ್ಮಿಗೆ ಚಾಳಿಯಾಯಿತು. ಬೆವರು, ಡೀಸೆಲ್ಲು ಬಿಟ್ಟರೆ ಏನೂ ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೇ ಅನುಮಾನ ಬೆಳೆಯಿತು.

*

ಚಟ್ಟ ಕಟ್ಟಿ ಮುಗಿಯುವ ಹೊತ್ತಿಗೆ ನರೆಗೂದಲಿನ ಹೆಂಗಸೊಬ್ಬಳು ಅಂಗಳಕ್ಕೆ ಬಂದು ನಿಂತಳು. "ನಾನು ವಸಂತಿ."

ಅಳುತ್ತಿದ್ದವರೂ ಅಳು ನಿಲ್ಲಿಸಿ ನೋಡಿದರು. ತಿಮ್ಮಿ ಎದ್ದಳು. "ಎಂತ ಉಳ್ದಿತ್ತು ನಿಂದು ಇಲ್ಲಿ?"

"ಸ್ಟಾಪಿಗೆ ಅವರ ಹೆಸರು ಇಡ್ತಾರೆ ಹೇಳಿ ಬಸ್ಸಲ್ಲಿ ಕೇಳ್ದೆ. ಬ್ಯಾಡ ಅನ್ನಿ, ಅಕ್ಕ. ಬೋರ್ಡಲ್ಲಿ ಅವರ ಹೆಸರು, ಜನರ ಬಾಯಲ್ಲಿ ನಂದು. ಜೋಡಿ ಆಗ್ತದೆ."

"ಜೋಡಿ ಇರ್ಲಿಲ್ವ?"

"ಇಲ್ಲ. ಹೆಸರಿಲ್ಲದ ಕಡೆ ಡ್ರೈವರು ಬಸ್ಸು ನಿಲ್ಲಿಸ್ತಿರ್ಲಿಲ್ಲ. ಇವರು ನನ್ನ ಹೆಸರು ಕೇಳಿ, ಅದೇ ಸ್ಟಾಪಿನ ಹೆಸರು ಹೇಳಿ ಕೂಗಿದ್ರು. ಬಸ್ಸು ನಿಂತಿತು, ನಾ ಓದಿದೆ." ವಸಂತಿ ಚಟ್ಟದ ಕಡೆ ನೋಡಿದಳು. "ಕಂಡಕ್ಟರು ನಿಂಗೆ ಎಂತ ಆಗ್ಬೇಕು ಹೇಳಿ ನನ್ನ ಗಂಡ ಸಾಯೂ ತನಕ ಕೇಳ್ದ."

ಕತೆ ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದುದರಿಂದಲೇ ತಿಮ್ಮಿಗೆ ನಂಬಲು ಭಯವಾಯಿತು. ಆದರೆ ಆ ಎರಡು ಹೆಸರು ಕೂಡಿಸಲು ಹೊರಟದ್ದು "ಇಡಿ" ಎಂದ ತನ್ನ ಬಾಯೇ ಎಂದು ಅವಳಿಗೆ ಹೊಳೆಯಿತು.

"ರಾಜೀವ, ನಮ್ಮನೆಯವರ ಹೆಸರು ಅಲ್ಲಿ ಬ್ಯಾಡ."

ಹೆಣ ಎತ್ತುವ ಹೊತ್ತಾಗಿತ್ತು. ಮನೆಯವರಷ್ಟೇ ಬಾಯಿಗೆ ಬಿಡುವ ತುಳಸಿ ನೀರಿನ ತಂಬಿಗೆಯನ್ನು ತಿಮ್ಮಿ ವಸಂತಿಯ ಮುಂದೆ ಹಿಡಿದಳು. "ನೀನೂ ಬಿಡು."

ವಸಂತಿ ತುಳಸಿ ಅದ್ದಿ ಗಣಪನ ತುಟಿಗೆ ನೀರು ಬಿಟ್ಟಳು. ತಿಮ್ಮಿ ಗಂಡನನ್ನು ನೋಡಲಿಲ್ಲ, ಆ ಬೆರಳುಗಳನ್ನೇ ಕಣ್ಣು ಮಿಟುಕಿಸದೆ ನೋಡಿದಳು. ಅವು ನಡುಗಲಿಲ್ಲ. ತಿಮ್ಮಿಯ ಕೈಯ ತಂಬಿಗೆ ಮಾತ್ರ ತುಳುಕಿ, ನೀರು ವಸಂತಿಯ ಪಾದದ ಮೇಲೆ ಬೀಳುತ್ತಲೇ ಇತ್ತು.