ಹಾಲಿನಂಗಡಿ ತಿರುವು

ಪದ್ಮಾಬಾಯಿಯ ಫೋನು ದಿನಾ ಸಂಜೆ ಒಂದೇ ಜಾಗದಲ್ಲಿ ಕಟ್ ಆಗುತ್ತಿತ್ತು. ಜಂಗಮವಾಡಿ ಮಠಕ್ಕಿಂತ ಸ್ವಲ್ಪ ಮೊದಲು, ಗಲ್ಲಿ ಎಡಕ್ಕೆ ಹೊರಳುವ ಕಡೆ, ಹಾಲಿನಂಗಡಿಯ ಎದುರು.

"ನಿಮ್ಮ ಕಂಪನಿದೇ ಸಿಮ್ಮು," ಅಂದಳು, ಸಂದೀಪನ ತಟ್ಟೆಗೆ ಸಾರು ಹಾಕುತ್ತ. "ಹದಿನಾಲ್ಕು ತಿಂಗಳಾತು ನನ್ನ ಕೈಯಾಗ ಉಣ್ಣಲಿಕ್ಕೆ ಹತ್ತಿ. ಉಂಡ ಋಣಕ್ಕಾದ್ರೂ ಒಂದು ತಂತಿ ಬಿಗೀಬಾರ್ದ?"

"ಇದಕ್ಕೆ ತಂತಿ ಇರಲ್ಲ ಕಾಕು."

"ತಂತಿನೇ ಇಲ್ಲಂದ್ರ ಹರಿಯೋದು ಏನಪಾ?"

ಸಂದೀಪ ಅನ್ನ ಕಲೆಸಿದ.

ನದಿದಂಡೆಯ ಕೇದಾರ ಘಾಟಿನ ಮೇಲಿನ ಆ ಮನೆ ಪದ್ಮಾಬಾಯಿಯ ಗಂಡನ ಅಣ್ಣನ ಮಗ ನರಸಿಂಹನದು. ದಕ್ಷಿಣದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡ ಮಾಡಿಸುವುದು ಅವನ ಕಸುಬು. ಗಂಡ ಸತ್ತ ಮೇಲೆ ಪದ್ಮಾಬಾಯಿ ಆ ಯಾತ್ರಿಕರಿಗೂ ಹೊರಗಿನ ನಾಲ್ಕೈದು ಜನಕ್ಕೂ ಅಡಿಗೆ ಮಾಡಿ ಹಾಕುತ್ತಿದ್ದಳು. ಹೊರಗಿನವರಲ್ಲಿ ಈಗ ಉಳಿದವನು ಸಂದೀಪ ಒಬ್ಬನೇ. ದಾವಣಗೆರೆಯವನು. ಕಂಟೋನ್ಮೆಂಟಿನ ಆಫೀಸಿನಲ್ಲಿ ಕೂತು, ಊರಿನ ಯಾವ 3ಜಿ ಟವರು ಎಷ್ಟು ಜನರನ್ನು ಹೊರಬಲ್ಲದು, ಎಲ್ಲಿ ಹೊಸದು ಬೇಕು ಅಂತ ಲೆಕ್ಕ ಹಾಕುವ ಎಂಜಿನಿಯರ್. ಆಫೀಸಿನಲ್ಲಿ ಹಿಂದಿ, ಬೀದಿಯಲ್ಲಿ ಭೋಜಪುರಿ ಬೆರೆತ ಹಿಂದಿ. ಕನ್ನಡ ಅನ್ನುವುದು ಅವನಿಗೆ ದಿನಕ್ಕೆ ಇಪ್ಪತ್ತು ನಿಮಿಷ, ಊಟದ ಹೊತ್ತಿಗೆ ಮಾತ್ರ. ಏಕಾದಶಿ ಬಂದರೆ ಅದೂ ಇಲ್ಲ.

ನರಸಿಂಹನಿಗೆ ಅಡಿಗೆಮನೆ ಒಡೆದು ಯಾತ್ರಿಕರಿಗೆ ಎರಡು ಕೋಣೆ ಮಾಡುವ ಆಸೆ. ಕಾಕು ಇರುತ್ತೇನೆಂದರೆ ಬೇಡ. ಊರಿಗೆ ಹೋಗುತ್ತೇನೆಂದರೆ ಮಾಡುತ್ತಾನೆ. ಅವಳಿಗೆ ಹೋಗುವ ಮನಸ್ಸು. ಬಾಗಲಕೋಟೆಯ ನವನಗರದಲ್ಲಿ ತಂಗಿ ಪ್ರೇಮಾ ಇದ್ದಾಳೆ. ಅವಳನ್ನು ಕೇಳಬೇಕು. ಮನೆಯಲ್ಲಿ ಮಾತಾಡಿದರೆ ಒಂದೊಂದು ಮಾತೂ ನರಸಿಂಹನ ಕಿವಿಗೆ ಬೀಳುತ್ತದೆ ಅಂತ, ತರಕಾರಿಗೆ ಹೋಗುವ ದಾರಿಯಲ್ಲಿ ಮಾತಾಡುತ್ತಿದ್ದಳು.

ಸಂದೀಪ ದೂರು ದಾಖಲಿಸಿಕೊಂಡ. ಮರುದಿನ ಸಂಜೆ ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ ಹಾಕಿಕೊಂಡು, ಕೈಯಲ್ಲಿ ಪರೀಕ್ಷೆಯ ಫೋನು ಹಿಡಿದು, ಅವಳ ಹಿಂದೆ ಹತ್ತು ಹೆಜ್ಜೆ ಬಿಟ್ಟು ನಡೆದ. ಆ ಫೋನಿನಿಂದಲೂ ಒಂದು ಕರೆ ಹೋಗುತ್ತಿತ್ತು. ಅದರ ಆ ತುದಿಯಲ್ಲಿ ಯಾರೂ ಇರಲಿಲ್ಲ, ಒಂದು ಯಂತ್ರ ಇತ್ತು.

ಪದ್ಮಾಬಾಯಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡುವ ಅಭ್ಯಾಸ ಇರಲಿಲ್ಲ. ತಂಗಿಯ ಮೊಳಕಾಲು ನೋವು ಕೇಳಿದಳು. ಯಾರದೋ ಮಗಳ ಹೆರಿಗೆ ಕೇಳಿದಳು. ಇಲ್ಲಿನ ಅವರೆಕಾಯಿಗೆ ರುಚಿ ಇಲ್ಲ ಅಂದಳು. ಹಾಲಿನಂಗಡಿ ಕಾಣುವ ಹೊತ್ತಿಗೆ ದನಿ ಇಳಿಯಿತು.

"ಅಲ್ಲ ಪ್ರೇಮಾ, ನಾ ಅಲ್ಲೇ ಬಂದು ಇದ್ದುಬಿಡ್ಲೇನು?"

ಕಟ್. ಸಂದೀಪನ ಕೈಯಲ್ಲಿದ್ದ ಕರೆಯೂ ಎರಡು ಹೆಜ್ಜೆ ಆಚೆಗೆ ಕಟ್ ಆಯಿತು.

"ಮತ್ತೆ ಹಚ್ಚಿ ಕಾಕು. ತಿರುವು ದಾಟಿದ್ರೆ ಸಿಗುತ್ತೆ."

"ಮತ್ತ ಮೊದಲಿಂದ ಸುರು ಮಾಡಬೇಕಾಗ್ತದ," ಅಂದು ಅವಳು ಫೋನನ್ನು ಕೈಚೀಲಕ್ಕೆ ಹಾಕಿದಳು.

ಹೀಗೆ ಮೂರು ದಿನ ಅವಳ ಹಿಂದೆ ನಡೆದ. ಮೂರೂ ದಿನ ಅದೇ ತಿರುವು, ಅದೇ ವಾಕ್ಯ.

ಕಾರಣ ಮೊದಲ ದಿನವೇ ಸಿಕ್ಕಿತ್ತು. 3ಜಿಯಲ್ಲಿ ನಡೆಯುವವನ ಫೋನು ಹಳೆ ಟವರಿನ ಕೈ ಬಿಡುವ ಮೊದಲೇ ಹೊಸದರ ಕೈ ಹಿಡಿಯುತ್ತದೆ, ಸ್ವಲ್ಪ ದೂರ ಎರಡನ್ನೂ ಹಿಡಿದೇ ಹೋಗುತ್ತದೆ. ಆದರೆ ಹೊಸದರ ಹೆಸರು ಹಳೆಯದರ ನೆರೆಯವರ ಪಟ್ಟಿಯಲ್ಲಿ ಇರಬೇಕು. ಇಲ್ಲದಿದ್ದರೆ ಅದು ಪಕ್ಕದಲ್ಲೇ ನಿಂತು ಕೂಗಿದರೂ ಬರೀ ಗದ್ದಲ. ಮಠದ ಕಡೆ ಒಂದು ಹೋಟೆಲಿನ ಮಾಳಿಗೆ ಮೇಲೆ ಮೂರು ತಿಂಗಳ ಹಿಂದೆ ಹೊಸ ಟವರು ಬಂದಿತ್ತು. ಘಾಟಿನ ಟವರಿನ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಸಾಲದ್ದಕ್ಕೆ, ಆರತಿಗೆ ಜನ ಸೇರಿದಷ್ಟೂ ಘಾಟಿನ ಟವರಿನ ಹರವು ಕುಗ್ಗುತ್ತದೆ. ಹೊರೆ ಹೆಚ್ಚಾದಷ್ಟು ಕುಗ್ಗುವುದು 3ಜಿಯ ಗುಣ. ಪದ್ಮಾಬಾಯಿ ಮನೆ ಬಿಡುತ್ತಿದ್ದುದು ಸರಿಯಾಗಿ ಆ ಹೊತ್ತಿಗೇ.

ಆ ಪಟ್ಟಿ ಬರೆದವನು ಸಂದೀಪನೇ. ಒಂದು ಸಾಲು ಸೇರಿಸಿದರೆ ಮುಗಿಯಿತು.

ಅವನು ಸೇರಿಸಲಿಲ್ಲ. ಘಾಟುಗಳಲ್ಲೆಲ್ಲ ದೀಪ ಹಚ್ಚುವ ದೇವ ದೀಪಾವಳಿಯ ಜನಸಂದಣಿಗೆ ಯಾವ ಘಾಟಿನಲ್ಲಿ ಎಷ್ಟು ಹೆಚ್ಚುವರಿ ಬೇಕು ಅನ್ನುವ ಲೆಕ್ಕದಲ್ಲಿ ಆಫೀಸು ಮುಳುಗಿತ್ತು, ಅದು ನಿಜ. ಆದರೆ ಕಾರಣ ಅದಲ್ಲ. ಕರೆ ತಿರುವು ದಾಟಿದರೆ ತಂಗಿ ಬಾ ಅನ್ನುತ್ತಾಳೆ, ಕಾಕು ಹೋಗುತ್ತಾಳೆ, ಒಲೆ ಇದ್ದ ಕಡೆ ಮಂಚ ಬರುತ್ತದೆ. ಆಮೇಲೆ ಈ ಊರಿನಲ್ಲಿ ಅವನನ್ನು ಕನ್ನಡದಲ್ಲಿ ಬಯ್ಯುವವರೂ ಇರುವುದಿಲ್ಲ.

"ಏನಾತಪಾ?" ಅಂತ ಅವಳು ದಿನಾ ಕೇಳಿದಳು.

"ಮೇಲಿನವರ ಒಪ್ಪಿಗೆ ಬೇಕು ಕಾಕು," ಅಂದ ಅವನು, ನಾಲ್ಕು ದಿನ.

ಐದನೇ ದಿನ ಊಟದ ಹೊತ್ತಿಗೆ ನರಸಿಂಹ ಬಾಗಿಲಲ್ಲಿ ನಿಂತ. "ಕಾಕು, ಸೋಮವಾರ ಮಿಸ್ತ್ರಿಗೆ ಹೂಂ ಊಹೂಂ ಹೇಳಬೇಕು. ಏನಾದ್ರೂ ಫೈಸಲಾ ಮಾಡ್ರಿ."

"ಪ್ರೇಮಾನ್ನ ಕೇಳಿ ಹೇಳ್ತೀನಿ."

"ಒಂದು ತಿಂಗಳಿಂದ ಕೇಳಲಿಕ್ಕೆ ಹತ್ತೀರಿ."

"ಇವನ ಟವರು ಬಿಟ್ರ ಕೇಳೇ ಬಿಡ್ತಿದ್ದೆ," ಅಂದಳು, ಸೌಟಿನಿಂದ ಸಂದೀಪನ ಕಡೆ ತೋರಿಸಿ. ನರಸಿಂಹ ಅವನ ಮುಖ ನೋಡಿದ. ಸಂದೀಪ ತಟ್ಟೆ ನೋಡಿದ.

ಮಾರನೇ ಬೆಳಿಗ್ಗೆ ಆಫೀಸಿಗೆ ಹೋದವನೇ ಎರಡೂ ಟವರುಗಳ ಪಟ್ಟಿಯಲ್ಲಿ ಒಂದರ ಹೆಸರನ್ನು ಇನ್ನೊಂದರಲ್ಲಿ ಬರೆದ.

ಸಂಜೆ ಮತ್ತೆ ಹಿಂದೆ ನಡೆದ. ಮೊಳಕಾಲು ಆಯಿತು, ಅಡಿಗೆ ಆಯಿತು, ಹಾಲಿನಂಗಡಿ ಕಂಡಿತು.

"ಅಲ್ಲ ಪ್ರೇಮಾ, ನಾ ಅಲ್ಲೇ ಬಂದು ಇದ್ದುಬಿಡ್ಲೇನು?"

ಅಂದವಳು ಅಭ್ಯಾಸಬಲದಿಂದ ಫೋನನ್ನು ಕಿವಿಯಿಂದ ಅರ್ಧ ಇಳಿಸಿದಳು. ಅದರೊಳಗಿನಿಂದ ಇನ್ನೂ ದನಿ ಬರುತ್ತಿತ್ತು. ಗಾಬರಿಯಾಗಿ ಮತ್ತೆ ಕಿವಿಗೆ ಒತ್ತಿಕೊಂಡಳು. ಸಂದೀಪನ ಪರದೆಯ ಮೇಲೆ ಎರಡೂ ಟವರು ಒಟ್ಟಿಗೆ ಕಾಣುತ್ತಿದ್ದವು, ಆಮೇಲೆ ಹೊಸದೊಂದೇ. ಒಳ್ಳೆಯ ಸಿಗ್ನಲ್.

ಅವಳು ಗಲ್ಲಿಯ ನಡುವೆ ನಿಂತುಬಿಟ್ಟಳು. ಸೈಕಲ್ ರಿಕ್ಷಾದವನು ಗಂಟೆ ಬಾರಿಸಿ, "ಅಮ್ಮಾಜೀ, ಕಿನಾರೆ" ಅಂದ. ಅವಳು ಬದಿಗೆ ಸರಿಯಲಿಲ್ಲ.

"ಹೂಂ... ಸೊಸಿ ಏನಂತಾಳ ಬಿಡು, ನೀ ಏನಂತಿ? ... ಹೂಂ. ... ಅದೂ ಖರೇನ. ನಿಮ್ಮ ಮನ್ಯಾಗ ಇರೋವೇ ಎರಡು ಖೋಲಿ ಅಂದ್ರ ಎಷ್ಟು ಮಂದಿಗಂತ... ಹೂಂ." ಸ್ವಲ್ಪ ಹೊತ್ತು ಬರೀ ಕೇಳಿಸಿಕೊಂಡಳು. "ಅಳಬ್ಯಾಡ. ನಾ ಸುಮ್ಮನ ಕೇಳಿದ್ದು. ಮೊಳಕಾಲಿಗೆ ಎಣ್ಣಿ ಹಚ್ಚಿಕೋ. ಇಡ್ತೀನಿ."

ಫೋನು ಚೀಲಕ್ಕೆ ಹೋಯಿತು. ಸಂದೀಪ ಹತ್ತಿರ ಬಂದ.

"ಇವತ್ತ ಕಟ್ ಆಗಲೇ ಇಲ್ಲಲ್ಲಪಾ."

"ಸರಿ ಮಾಡಿದೆ ಕಾಕು."

"ಎಷ್ಟೊತ್ತಿನ ಕೆಲಸ ಅದು?"

"ಹತ್ತು ನಿಮಿಷ." ಸುಳ್ಳು ಹೇಳಲು ಹೊಳೆಯಲಿಲ್ಲ.

"ಹತ್ತು ನಿಮಿಷದ್ದಕ್ಕ ನಾಕು ದಿನ ಮೇಲಿನವರನ್ನ ಕೇಳಿದ್ಯಾ?"

ಅವನು ಪರೀಕ್ಷೆಯ ಫೋನನ್ನು ಚೀಲಕ್ಕೆ ಹಾಕಿದ.

"ಇನ್ನೊಂದು ನಾಕು ದಿನ ಕೇಳಬೇಕಿತ್ತು," ಅಂದು ಅವಳು ತರಕಾರಿಗೆ ನಡೆದಳು.

ಸೋಮವಾರ ಬೆಳಿಗ್ಗೆ ನರಸಿಂಹ ಮಿಸ್ತ್ರಿಗೆ ಬೇಡ ಅಂದ. ಸುದ್ದಿ ಕೇಳಿದಾಗ ಸಂದೀಪನಿಗೆ ಖುಷಿಯಾಯಿತು. ಅದನ್ನು ಹೇಳಿಕೊಳ್ಳಬಹುದಾದ ಒಬ್ಬಳೇ ಒಬ್ಬಳಿಗೆ ಹೇಳುವಂತಿರಲಿಲ್ಲ.

ದೂರು ಮುಚ್ಚಲು ಗ್ರಾಹಕರಿಗೆ ಫೋನು ಮಾಡಿ ಕೇಳಬೇಕು ಅಂತ ನಿಯಮ. ಆಫೀಸಿನಿಂದಲೇ ಮಾಡಿದ. ಒಗ್ಗರಣೆಯ ಸದ್ದು ಕೇಳಿಸಿತು.

"ಕಾಕು, ಸಂದೀಪ. ದೂರು ಬಗೆಹರಿದಿದೆ ಅಂತ ಬರೀಲಾ?"

"ಬರಿ."

"ತೃಪ್ತಿ ಇದೆ, ಇಲ್ಲ ಅಂತ ಒಂದು ಖಾನೆ ಇದೆ."

"ನಿನಗ ಯಾವುದು ಅನುಕೂಲ ಅದನ್ನ ಬರಿ." ಸೌಟು ಪಾತ್ರೆಗೆ ತಾಗಿತು. "ನಾಳೆ ಏಕಾದಶಿ. ಹೊರಗೆಲ್ಲಾದ್ರೂ ಉಣ್ಣು."

"ಆಯ್ತು ಕಾಕು."

ಆಮೇಲೆ ಅವಳೂ ಮಾತಾಡಲಿಲ್ಲ, ಇಡಲೂ ಇಲ್ಲ. ಅವನೂ ಇಡಲಿಲ್ಲ. ಒಗ್ಗರಣೆ ತಣ್ಣಗಾಗುವವರೆಗೂ ಲೈನು ಕಟ್ ಆಗದೆ ಹಾಗೇ ಇತ್ತು.